ಕೈ ಅಲುಗಿಸದೆ ನಗಬೇಕು

ವಾರಕ್ಕೆ ಮೂರು ದಿನ, ಪ್ರತಿ ಸಲ ನಾಲ್ಕು ಗಂಟೆ. ಅಪ್ಪನಿಗೆ ಡಯಾಲಿಸಿಸ್ ಶುರುವಾದ ಮೇಲೆ ಹಬ್ಬ, ಮದುವೆ, ನೆಂಟರ ಭೇಟಿ ಎಲ್ಲವೂ ಉಳಿದ ನಾಲ್ಕು ದಿನಗಳಲ್ಲೇ ಆಗಬೇಕು. ಎಡಗೈಯ ಫಿಸ್ಟುಲಾದಲ್ಲಿ, ಅಂದರೆ ಡಯಾಲಿಸಿಸ್‌ಗೆಂದು ರಕ್ತನಾಳಗಳನ್ನು ಜೋಡಿಸಿದ ಜಾಗದಲ್ಲಿ, ಎರಡು ಸೂಜಿಗಳಿರುವುದರಿಂದ ಆ ಕೈಯನ್ನು ಆಡಿಸುವಂತಿಲ್ಲ. ಒಂದೇ ಕೈಯಲ್ಲಿ ಪುಸ್ತಕ ಹಿಡಿದು ಹಾಳೆ ಮಗುಚುವುದು ಕಷ್ಟ. ಹಾಗಾಗಿ ಓದುವುದು ನಾನು, ಕೇಳುವುದು ಅವರು. ಮೂವತ್ತು ವರ್ಷ ಮೇಷ್ಟ್ರಾಗಿದ್ದವರು. ನಾನು ಅಲ್ಪವಿರಾಮ ನುಂಗಿದರೆ ಕಣ್ಣು ಮುಚ್ಚಿಕೊಂಡೇ ತಿದ್ದುತ್ತಾರೆ.

ಮೊದಲಿಗೆ ನೆಂಟರು ತಂದುಕೊಟ್ಟದ್ದೆಲ್ಲ ಆತ್ಮ, ಕರ್ಮ, ಮುಕ್ತಿಯ ಪುಸ್ತಕಗಳು. ಅಪ್ಪ ಅರ್ಧ ಪುಟ ಕೇಳಿ, "ಇದಕ್ಕೆ ಇನ್ನೂ ಸಮಯವಿದೆಯಮ್ಮ, ಗೊರೂರರನ್ನು ತಾ" ಎಂದರು.

ಅಪ್ಪ ಹಾಸನದ ಕಡೆಯವರು. ಅವರ ಸೋದರಮಾವನ ಊರು ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಬರಹದಲ್ಲಿ ಆ ಸೀಮೆಯ ಜನ ಇನ್ನೂ ಜಗಳವಾಡುತ್ತಾರೆ, ಹರಟುತ್ತಾರೆ, ಊಟಕ್ಕೆ ಕರೆಯುತ್ತಾರೆ. 'ನಮ್ಮ ಎಮ್ಮೆಗೆ ಮಾತು ತಿಳಿಯುವುದೇ?' ಎಂದು ನಾನು ಶೀರ್ಷಿಕೆ ಓದಿದ್ದೇ ತಡ, ಅಪ್ಪ ನಗತೊಡಗಿದರು. ಅಜ್ಜಿಯನ್ನು ಬಿಟ್ಟು ಬೇರೆ ಯಾರಿಗೂ ಹಾಲು ಕೊಡದಿದ್ದ ತಮ್ಮ ಮನೆಯ ಎಮ್ಮೆ ನೆನಪಾಗಿತ್ತು. ನಕ್ಕ ರಭಸಕ್ಕೆ ಕೈ ಅಲುಗಿ, ಒತ್ತಡ ಏರುಪೇರಾಗಿ ಯಂತ್ರ ಕೂಗಿತು. ಟೆಕ್ನಿಷಿಯನ್ ಹುಡುಗಿ ಓಡಿ ಬಂದು ಕೈಯನ್ನು ಸರಿಯಾಗಿ ಇಟ್ಟು, ಗುಂಡಿ ಒತ್ತಿ ಸದ್ದಡಗಿಸಿ, "ಏನು ಓದುತ್ತಿದ್ದೀರಿ ಅಕ್ಕಾ?" ಎಂದು ಕೇಳಿದಳು. ಎಮ್ಮೆಯ ಕಥೆಯನ್ನು ಅಪ್ಪ ಅವಳಿಗೂ ಮೊದಲಿನಿಂದ ಹೇಳಿದರು.

ನಗು ದಿವ್ಯೌಷಧ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನಕ್ಕ ದಿನವೂ ರಕ್ತದಲ್ಲಿನ ಕ್ರಿಯಾಟಿನಿನ್ ಎಂಬ ಕಲ್ಮಶ ಇಳಿಯುವುದಿಲ್ಲ, ಕಾಲಿನ ಸೆಳೆತ ತಪ್ಪುವುದಿಲ್ಲ, ಕುಡಿಯುವ ನೀರಿನ ಅಳತೆ ಹೆಚ್ಚುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಅಪ್ಪ ರೋಗಿಯಲ್ಲ. ಎಮ್ಮೆಯ ಹಿಂದೆ ಓಡಿದ ಹುಡುಗ, ಕಥೆ ಹೇಳಬಲ್ಲ ಮನುಷ್ಯ. ನನಗೆ ಬೇಕಾದದ್ದು ಅದೇ. ಮೊಬೈಲಿಗೆ ದಿನವೂ ಬಂದು ಬೀಳುವ ನಗೆಹನಿಗಳಿಂದ ಇದು ಆಗಲಿಲ್ಲ. ಅವು ಈಗಲೇ ನಗು ಎಂದು ಒತ್ತಾಯಿಸುತ್ತವೆ. ಗೊರೂರರಿಗೆ ಆ ಅವಸರವಿಲ್ಲ. ಸುಸ್ತಾದವನಿಗೂ ಅವರ ಜೊತೆ ನಡೆಯಲು ಸಾಧ್ಯ.

ಈಚೆಗೆ ನಾನು ರಾಶಿಯವರ ಬಗ್ಗೆ ಬಹಳ ಯೋಚಿಸುತ್ತೇನೆ. ರಾಶಿ ಎಂಬ ಕಾವ್ಯನಾಮದ ಡಾ. ಎಂ. ಶಿವರಾಂ ವೈದ್ಯರು. ರೋಗ, ಸಾವು, ಮನೆಯವರ ಗಾಬರಿ ಅವರಿಗೆ ನಿತ್ಯದ ನೋಟವಾಗಿದ್ದಿರಬೇಕು. ಅವರು 'ಕೊರವಂಜಿ' ಎಂಬ ಹಾಸ್ಯ ಮಾಸಪತ್ರಿಕೆಯನ್ನು ಆರಂಭಿಸಿದ್ದು 1942ರಲ್ಲಿ. ಹೊರಗೆ ಮಹಾಯುದ್ಧ, ದೇಶದೊಳಗೆ ಕ್ವಿಟ್ ಇಂಡಿಯಾ ಚಳವಳಿ. ನಗಲು ಒಳ್ಳೆಯ ಕಾಲ ಬರಲಿ ಎಂದು ಅವರು ಕಾಯಲಿಲ್ಲ. ನಾ. ಕಸ್ತೂರಿ ಅದಕ್ಕೆ ಬರೆದರು, ಆರ್.ಕೆ. ಲಕ್ಷ್ಮಣ್ ಚಿತ್ರ ಬಿಡಿಸಿದರು, ಪತ್ರಿಕೆ 1967ರವರೆಗೆ ನಡೆಯಿತು. ಕಾಯಿಲೆಯ ಮನೆಯಲ್ಲಿ ನಗುವುದು ತಪ್ಪೇನೋ ಎಂದು ನನಗೆ ಅಳುಕಾದಾಗಲೆಲ್ಲ ಈ ವೈದ್ಯರು ಧೈರ್ಯ ಕೊಡುತ್ತಾರೆ.

ಈಗ ಪಕ್ಕದ ಹಾಸಿಗೆಯ ಬಳ್ಳಾರಿಯವರೂ ಕೇಳುಗರಾಗಿದ್ದಾರೆ. ಅವರಿಗೆ ಹಾಸ್ಯ ಸಾಹಿತಿ ಬೀಚಿಯೇ ಆಗಬೇಕು, ಬೀಚಿ ಸೃಷ್ಟಿಸಿದ ತಿಂಮನೇ ಬೇಕು. ಅಪ್ಪನದು ಗೊರೂರರ ಪಟ್ಟು. ಕೊನೆಗೆ ಮೊದಲೆರಡು ಗಂಟೆ ಹೇಮಾವತಿ, ಆಮೇಲಿನ ಎರಡು ಗಂಟೆ ಬಳ್ಳಾರಿ ಎಂದು ತೀರ್ಮಾನವಾಗಿದೆ. ಬೀಚಿಯವರ ಆತ್ಮಕಥೆ 'ನನ್ನ ಭಯಾಗ್ರಫಿ'ಯನ್ನು ಗ್ರಂಥಾಲಯದಿಂದ ತಂದಿಟ್ಟಿದ್ದೇನೆ, ಗುರುವಾರದಿಂದ ಓದು.