ಸಹಿ ಪರಿಶೀಲನೆಯ ಆನ್‌ಲೈನ್ ಪ್ರಯೋಗ: ಒತ್ತಕ್ಷರ ಉಳಿಸಿಕೊಂಡ ಹಂತ

ರಾಯಚೂರಿನ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಬಿಡುವಿನಲ್ಲಿ ಕಟ್ಟುತ್ತಿರುವ, ಸಹಿ ಅಸಲಿಯೋ ನಕಲಿಯೋ ಎಂದು ಕಂಪ್ಯೂಟರ್ ಗುರುತಿಸುವ ಸಹಿ ಪರಿಶೀಲನೆಯ ಆನ್‌ಲೈನ್ ಪ್ರಯೋಗ ಈ ವಾರ ಕನ್ನಡ ಸಹಿಗಳ ಮೇಲೆ ಸರಿಯಾಗಿ ನಡೆಯಿತು. ಮೊದಲು ಬಳಸಿದ್ದು ಸೆಡಾರ್ ಎಂಬ, ಸಂಶೋಧನೆಗೆ ಬಳಸುವ ಸಹಿ ಚಿತ್ರಗಳ ಸಂಗ್ರಹ. 55 ಜನರ ತಲಾ 24 ಅಸಲಿ, 24 ನಕಲಿ ಸಹಿಗಳಿರುವ ಅದು ಕಲಿಕೆಗೆ ಒಳ್ಳೆಯದೇ, ಆದರೆ ಇಂಗ್ಲಿಷ್ ಸಹಿಗಳದ್ದು. ಅಂಥದೇ ಇನ್ನೊಂದಾದ ಬಿಎಚ್‌ಸಿಗ್260 ಸಂಗ್ರಹದಲ್ಲಿರುವುದು ಬಂಗಾಳಿ ಮತ್ತು ಹಿಂದಿ. ಆದ್ದರಿಂದ ಒಪ್ಪಿದ ವಿದ್ಯಾರ್ಥಿಗಳಿಂದ, ಅವರ ಬ್ಯಾಂಕಿನ ಸಹಿಯನ್ನು ಮುಟ್ಟದೆ, ಪ್ರಯೋಗಕ್ಕೆಂದೇ ರೂಢಿಸಿಕೊಂಡ ಬೇರೆ ಹೆಸರಿನ ಸಹಿಗಳನ್ನು ಬಿಳಿ ಹಾಳೆಯ ಮೇಲೆ ಹಾಕಿಸಿಕೊಂಡೆ.

ಸ್ಕ್ಯಾನ್ ಮಾಡಿದ ಚಿತ್ರವನ್ನು, ಶಾಯಿಯನ್ನೂ ಹಾಳೆಯನ್ನೂ ತಾನೇ ಬೇರ್ಪಡಿಸುವ ಓಟ್ಸು ವಿಧಾನದಿಂದ ಕಪ್ಪು ಬಿಳುಪಾಗಿಸಿ, ಬಿಡಿಯಾಗಿರುವ ಸಣ್ಣ ತುಣುಕುಗಳನ್ನು ಧೂಳೆಂದು ಅಳಿಸುವುದು ಈ ಕೆಲಸದಲ್ಲಿ ವಾಡಿಕೆ. ಕೂಡುಬರಹದ ಇಂಗ್ಲಿಷ್ ಸಹಿಗೆ ಇದರಿಂದ ಹೆಚ್ಚಿನ ನಷ್ಟವಿಲ್ಲ. ಕನ್ನಡದಲ್ಲಿ ಒತ್ತಕ್ಷರ ಮೇಲಿನ ಅಕ್ಷರಕ್ಕೆ ತಾಗದೆ ಕೆಳಗೆ ನಿಲ್ಲುವುದುಂಟು. ‘ಮಲ್ಲಮ್ಮ’ ಎಂಬ ಸಹಿಯ ಎರಡೂ ಒತ್ತುಗಳು ಅಳಿಸಿಹೋಗಿ ಪರದೆಯ ಮೇಲೆ ‘ಮಲಮ’ ಮಾತ್ರ ಉಳಿದಿತ್ತು. ಬರೆಯುವವರ ಕೈರೂಢಿ ಎದ್ದು ಕಾಣುವುದೇ ಒತ್ತಿನ ಬಾಲದಲ್ಲಿ ಎಂಬುದು ನನ್ನ ಅನಿಸಿಕೆ, ಹಾಗಾಗಿ ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಈಗ ತುಣುಕಿನ ಗಾತ್ರವನ್ನು ಗೆರೆಯ ದಪ್ಪಕ್ಕೆ ಹೋಲಿಸಿ, ಮುಖ್ಯ ಸಾಲಿಗೆ ಹತ್ತಿರವಿರುವ ತುಣುಕುಗಳನ್ನು ಉಳಿಸಿಕೊಳ್ಳುವ ನಿಯಮ ಹಾಕಿದ್ದೇನೆ. ಒತ್ತುಗಳು ಉಳಿಯುತ್ತಿವೆ.

ಎರಡು ಸಹಿಗಳ ಹೋಲಿಕೆಗೆ ಬಳಸಿದ್ದು ಸಯಾಮೀಸ್ ಜಾಲ, ಅಂದರೆ ಉದಾಹರಣೆಗಳಿಂದ ಕಲಿಯುವ ಒಂದು ಬಗೆಯ ಕಂಪ್ಯೂಟರ್ ನರಜಾಲ. ಬೆಲ್ ಪ್ರಯೋಗಾಲಯದ ಸಂಶೋಧಕರು 1993ರಲ್ಲಿ ಇದನ್ನು ಮುಂದಿಟ್ಟದ್ದೇ ಸಹಿ ಪರಿಶೀಲನೆಗಾಗಿ. ಒಂದೇ ಬಗೆಯ ಎರಡು ಜಾಲಗಳು ಎರಡು ಸಹಿಗಳನ್ನು ನೋಡಿ, ಅವುಗಳ ನಡುವಿನ ಅಂತರವನ್ನು ಒಂದು ಸಂಖ್ಯೆಯಾಗಿ ಕೊಡುತ್ತವೆ. ಆ ಅಂತರ ಎಷ್ಟರೊಳಗಿದ್ದರೆ ಸಹಿ ಅಸಲಿ ಎಂಬ ಮಿತಿಯನ್ನು ವಿದ್ಯಾರ್ಥಿಯೇ ಸರಿಸಿ ನೋಡುವಂತೆ ಮಾಡಿರುವುದು ಈ ಪ್ರಯೋಗದ ಜೀವಾಳ. ಮಿತಿ ಬಿಗಿ ಮಾಡಿದರೆ ನಕಲಿಗಳು ಸಿಕ್ಕಿಬೀಳುತ್ತವೆ, ಜೊತೆಗೆ ಕೈ ನಡುಗುವ ಹಿರಿಯರ ಪಿಂಚಣಿ ಚೀಟಿಯ ಅಸಲಿ ಸಹಿಯೂ ತಿರಸ್ಕೃತವಾಗುತ್ತದೆ. ಸಡಿಲಿಸಿದರೆ ನಕಲಿಯೂ ನುಸುಳುತ್ತದೆ. ಶೇಕಡಾವಾರು ನಿಖರತೆಯೊಂದನ್ನೇ ವರದಿಯಲ್ಲಿ ಬರೆದು ಮುಗಿಸುವ ಅಭ್ಯಾಸ ಹೋಗಬೇಕಾದರೆ ಈ ಎರಡೂ ತಪ್ಪುಗಳು ಒಟ್ಟಿಗೆ ಕಣ್ಣಿಗೆ ಬೀಳಬೇಕು.

ಆನ್‌ಲೈನ್‌ನಲ್ಲಿ ಪ್ರಯೋಗ ಮಾಡಿಸುವ ಕೇಂದ್ರ ಸರ್ಕಾರದ ವರ್ಚುವಲ್ ಲ್ಯಾಬ್ಸ್ ಯೋಜನೆಯ ಪ್ರಯೋಗಗಳಂತೆ ಇಲ್ಲಿಯೂ ಉದ್ದೇಶ, ಸಿದ್ಧಾಂತ, ವಿಧಾನ ಎಂಬ ಕ್ರಮವಿದೆ. ದೇವದುರ್ಗ, ಲಿಂಗಸುಗೂರು ಕಡೆಯ ಹಲವರು ಮೊಬೈಲ್‌ನಲ್ಲೇ ಕಲಿಯುವುದರಿಂದ, ಅಂತರಗಳನ್ನು ಮೊದಲೇ ಲೆಕ್ಕಹಾಕಿ ಪುಟದೊಂದಿಗೆ ಕಳಿಸುತ್ತಿದ್ದೇನೆ. ಪುಟ ತೆರೆದ ಮೇಲೆ ನೆಟ್‌ವರ್ಕ್ ಹೋದರೂ ಮಿತಿ ಸರಿಸಬಹುದು.

ಮುಂದಿನದು ಉರ್ದು ಸಹಿಗಳು. ಅಲ್ಲಿ ಒಂದು ಅಕ್ಷರವನ್ನು ಇನ್ನೊಂದರಿಂದ ಗುರುತಿಸಲು ನೆರವಾಗುವ ನುಕ್ತೆಗಳು, ಅಂದರೆ ಚುಕ್ಕೆಗಳು, ಒತ್ತಿಗಿಂತಲೂ ಚಿಕ್ಕವು, ಈಗಿನ ನಿಯಮ ಅವಕ್ಕೆ ಸಾಲದು.