ಇಳಿಸುವ ಮನೆ ನೋಡದೆ ರೇಟ್ ಹೇಳಿದ್ದೆ

ಮನೆ ಸಾಮಾನು ಪ್ಯಾಕ್ ಮಾಡಿ ಸಾಗಿಸುವ ಕೆಲಸದಲ್ಲಿ ನನಗೆ ಇದು 11ನೇ ವರ್ಷ. ನಮ್ಮ ಗೋದಾಮು ಇರುವುದು ಕಲಬುರಗಿಯ ರಿಂಗ್ ರೋಡ್ ಹತ್ತಿರ. ಗಿರಾಕಿಗಳ ಮನೆಗೆ ಹೋಗಿ ಸಾಮಾನು ನೋಡಿ, ಪಟ್ಟಿ ಬರೆದು, ಯಾವ ಗಾಡಿ, ಎಷ್ಟು ಜನ, ಎಷ್ಟು ರೇಟ್ ಅಂತ ಹೇಳುವುದು ನನ್ನ ಕೆಲಸ. ಗಾಡಿ ಹೊರಟ ಮೇಲೆ ಸಾಮಾನು ಇಳಿಯುವವರೆಗೂ ಅದರ ಜವಾಬ್ದಾರಿ ನನ್ನದೇ. ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಒಂದು ತಿಜೋರಿಯಿಂದ, ಅಂದರೆ ಕಬ್ಬಿಣದ ಅಲಮಾರಿಯಿಂದ ಬಂತು. ಮನೆ ಬದಲಿಸುವವರಿಗೂ ಅದು ಉಪಯೋಗ ಆಗುತ್ತದೆ ಅಂತ ಬರೆಯುತ್ತಿದ್ದೇನೆ.

ನಾಲ್ಕು ವರ್ಷದ ಹಿಂದಿನ ಮೇ ತಿಂಗಳು. ಬೀದರಿನ ನೌಬಾದ್ ಕಡೆಯಿಂದ ಒಬ್ಬ ಮಾಸ್ತರು ಫೋನ್ ಮಾಡಿದರು. ನಿವೃತ್ತಿ ಆಗಿತ್ತು. ಕಲಬುರಗಿಯ ಶಹಾಬಜಾರ್ ಒಳಗೆ ಅವರ ತಂದೆಯ ಕಾಲದ ಮನೆ ಇದೆ, ಮೇಲಿನ ಮಹಡಿ ರಿಪೇರಿ ಮಾಡಿಸಿದ್ದೇವೆ, ಆಷಾಢ ಬರುವುದರೊಳಗೆ ಹೋಗಬೇಕು ಅಂದರು. ನಮ್ಮ ಕಡೆ ಇದು ಎಲ್ಲರ ಮಾತು. ಆಷಾಢದಲ್ಲಿ ಯಾರೂ ಹೊಸ ಮನೆಗೆ ಕಾಲಿಡುವುದಿಲ್ಲ. ಮೇ ತಿಂಗಳಿಗೆ ಶಾಲೆ ರಜೆ, ಸರ್ಕಾರಿ ನೌಕರರ ವರ್ಗಾವಣೆ, ಎಲ್ಲವೂ ಒಟ್ಟಿಗೆ ಬರುತ್ತವೆ. ಆಗ ಗಾಡಿ ಸಿಗುವುದೇ ಕಷ್ಟ, ಬಾಡಿಗೆಯೂ ಜಾಸ್ತಿ. ನಿಮಗೆ ದಿನ ಆರಿಸಿಕೊಳ್ಳುವ ಅನುಕೂಲ ಇದ್ದರೆ ತಿಂಗಳ ನಡುವಿನ ಒಂದು ಮಂಗಳವಾರವೋ ಬುಧವಾರವೋ ಇಟ್ಟುಕೊಳ್ಳಿ. ಒಳ್ಳೆಯ ಹುಡುಗರು ಸಿಗುತ್ತಾರೆ, ಅವರಿಗೆ ಅವಸರವೂ ಇರುವುದಿಲ್ಲ.

ಬೀದರಿಗೆ ನಾನೇ ಹೋದೆ. ಮನೆ ನೆಲಮಹಡಿ, ಮುಂದೆ ಅಗಲವಾದ ರಸ್ತೆ. ಎರಡು ತಾಸು ಕೂತು ಪಟ್ಟಿ ಮಾಡಿದೆ. ಅಟ್ಟ ಹತ್ತಿದೆ, ಮಂಚದ ಕೆಳಗೆ ಬಗ್ಗಿ ನೋಡಿದೆ, ಮಾಳಿಗೆ ಮೇಲಿನ ನೀರಿನ ಡ್ರಮ್ ಕೂಡ ಬರೆದುಕೊಂಡೆ. ನಮ್ಮ ಕಡೆಯ ಮನೆಗಳಲ್ಲಿ ಲೆಕ್ಕ ತಪ್ಪುವುದು ಸೋಫಾ, ಮಂಚದಲ್ಲಿ ಅಲ್ಲ, ಕಾಳಿನಲ್ಲಿ. ವರ್ಷದ ಜೋಳ, ತೊಗರಿಬೇಳೆ, ಗೋಧಿ ತುಂಬಿಟ್ಟಿರುತ್ತಾರೆ. ಫೋನಿನಲ್ಲಿ ಕೇಳಿದರೆ ‘ಏನಿಲ್ರಿ, ಅಡಿಗಿಮನಿ ಸಾಮಾನ ಅಷ್ಟ’ ಅನ್ನುತ್ತಾರೆ. ಹೋಗಿ ನೋಡಿದರೆ ಆರು ಚೀಲ ಕಾಳು, ಎರಡು ಡಬ್ಬಿ ಎಣ್ಣೆ, ಒಂದು ಬೀಸೋ ಕಲ್ಲು. ಮೂರು ಕ್ವಿಂಟಲ್ ಅಲ್ಲೇ ಆಯಿತು. ಮಾಸ್ತರ ಮನೆಯಲ್ಲಿ ಅದನ್ನೆಲ್ಲ ಎಣಿಸಿದ್ದೆ. ಯಾವ ಸಾಮಾನಿನ ಮೇಲೆ ಎಲ್ಲಿ ಗೀರು ಇದೆ, ಯಾವ ಕುರ್ಚಿಯ ಕಾಲು ಅಲುಗಾಡುತ್ತದೆ ಅಂತ ಅವರ ಎದುರಿಗೇ ಬರೆದು ಸಹಿ ಮಾಡಿಸಿಕೊಂಡೆ. 14 ಅಡಿಯ ಐಷರ್ ಗಾಡಿ, ಐದು ಜನ ಹಮಾಲರು, ಪ್ಯಾಕಿಂಗ್, ಏರಿಸಿ ಇಳಿಸುವುದು ಎಲ್ಲ ಸೇರಿ 21,000 ರೂಪಾಯಿ ಅಂದೆ. ಅವರು ಒಪ್ಪಿದರು.

ಇಳಿಸುವ ಮನೆಯ ಬಗ್ಗೆ ನಾನು ಕೇಳಿದ್ದು ಒಂದೇ ಪ್ರಶ್ನೆ. ‘ಎಷ್ಟನೇ ಮಹಡಿ?’ ‘ಒಂದನೇದು.’ ಅಷ್ಟೇ ಬರೆದುಕೊಂಡು ಬಂದೆ. ಶಹಾಬಜಾರ್ ನಮ್ಮ ಗೋದಾಮಿನಿಂದ ಬೈಕಿನಲ್ಲಿ ಹತ್ತು ಹದಿನೈದು ನಿಮಿಷ. ನೋಡಿಬರಲು ನೂರು ಕಿಲೋಮೀಟರಿಗೂ ಜಾಸ್ತಿ ದೂರದ ಬೀದರಿಗೆ ಹೋಗಿದ್ದ ನಾನು, ನಮ್ಮ ಊರೇ ಅಲ್ವಾ ಅಂತ ಅಲ್ಲಿಗೆ ಹೋಗಲೇ ಇಲ್ಲ.

ಬೆಳಿಗ್ಗೆ ಐದಕ್ಕೆ ಶುರು ಮಾಡಿ ಎಂಟೂವರೆಗೆ ಗಾಡಿ ತುಂಬಿದೆವು. ಹುಮನಾಬಾದಿನಲ್ಲಿ ಚಹಾ ಕುಡಿದು, ಕಮಲಾಪುರ ದಾಟಿ, ಹನ್ನೆರಡರ ಹೊತ್ತಿಗೆ ಶಹಾಬಜಾರ್ ಮುಟ್ಟಿದೆವು. ಬೀದರ್ ಎತ್ತರದ ಊರು, ಅಲ್ಲಿ ಬಿಸಿಲು ತುಸು ತಡೆದುಕೊಳ್ಳಬಹುದು. ಕಲಬುರಗಿಯಲ್ಲಿ ಅವತ್ತು 42 ಡಿಗ್ರಿ. ಓಣಿಯ ಬಾಯಲ್ಲಿ ಡ್ರೈವರ್ ಗಾಡಿ ನಿಲ್ಲಿಸಿ ಕೆಳಗಿಳಿದ. ಎರಡು ಕಡೆ ಗೋಡೆ ನೋಡಿದ, ಮೇಲೆ ನೋಡಿದ, ನನ್ನ ಕಡೆ ನೋಡಿದ. ‘ಸಾಹೇಬ್ರ, ಗಾಡಿ ಒಳಗ ಹೋಗಂಗಿಲ್ಲ.’

ಓಣಿಯ ಅಗಲ ಆರೂವರೆ ಅಡಿ ಇರಬಹುದು. ಮೇಲೆ ಕರೆಂಟಿನ ವೈರು ಜೋತು ಬಿದ್ದಿದ್ದವು. ಮನೆ ಇನ್ನೂ ಇನ್ನೂರು ಮೀಟರ್ ಒಳಗೆ, ನಡುವೆ ಎರಡು ತಿರುವು. ಗಂಜ್ ಕಡೆಯಿಂದ ಒಂದು ಛೋಟಾ ಹಾಥಿ, ಅಂದರೆ ಸಣ್ಣ ಗೂಡ್ಸ್ ಗಾಡಿ, ತರಿಸಿದೆವು. ದೊಡ್ಡ ಗಾಡಿಯಿಂದ ಇಳಿಸಿ ಅದಕ್ಕೆ ಏರಿಸುವುದು, ಒಳಗೆ ಒಯ್ದು ಮತ್ತೆ ಇಳಿಸುವುದು. ಒಂದೇ ಸಾಮಾನನ್ನು ಹುಡುಗರು ಎರಡೆರಡು ಸಲ ಎತ್ತಿದರು. ಅದೂ ಆ ಬಿಸಿಲಿನಲ್ಲಿ. ಕಬ್ಬಿಣದ ಮಂಚದ ಕಾಲು ಮುಟ್ಟಿದರೆ ಕೈ ಸುಡುತ್ತಿತ್ತು. ರಟ್ಟಿನ ಡಬ್ಬಿಗಳ ಟೇಪ್ ಬಿಸಿಗೆ ಬಿಟ್ಟುಕೊಳ್ಳುತ್ತಿತ್ತು. ಒಬ್ಬ ಹುಡುಗನಿಗೆ ತಲೆ ಸುತ್ತಿ ಬಂದು, ಪಕ್ಕದ ಮನೆಯ ಅವ್ವ ಕಟ್ಟೆಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು. ಆ ಹುಡುಗನ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ. ನಾನು ಹದಿನೈದು ನಿಮಿಷ ಬೈಕ್ ಓಡಿಸಿ ನೋಡಿ ಬಂದಿದ್ದರೆ ಅವನಿಗೆ ಆ ಗತಿ ಬರುತ್ತಿರಲಿಲ್ಲ.

ಇಷ್ಟಾದ ಮೇಲೆ ಪಾವಟಿಗೆ, ಅಂದರೆ ಮೆಟ್ಟಿಲ ಸಾಲು. ಹಳೆಯ ಮನೆ, ಕಲ್ಲಿನ ಪಾವಟಿಗೆ, ಅಗಲ ಎರಡೂವರೆ ಅಡಿ. ಹನ್ನೊಂದು ಮೆಟ್ಟಿಲು ಹತ್ತಿದರೆ ಒಂದು ಸಣ್ಣ ಕಟ್ಟೆ, ಅಲ್ಲಿಂದ ಬಲಕ್ಕೆ ತಿರುಗಿ ಮತ್ತೆ ಆರು ಮೆಟ್ಟಿಲು. ಫ್ರಿಜ್ ಹೇಗೋ ಓರೆ ಮಾಡಿ ಹತ್ತಿಸಿದೆವು. ಹಾಗೆ ಮಲಗಿಸಿ ಒಯ್ದ ಫ್ರಿಜ್ಜನ್ನು ತಕ್ಷಣ ಚಾಲೂ ಮಾಡಬಾರದು. ಕಂಪ್ರೆಸರಿನ ಎಣ್ಣೆ ತನ್ನ ಜಾಗಕ್ಕೆ ಇಳಿಯಲು ಬಿಡಬೇಕು. ಬೆಳಗಿನವರೆಗೆ ಹಾಕಬೇಡಿ ಅಂದೆ. ಆ ಸೆಕೆಯಲ್ಲಿ ಮನೆಯವರಿಗೆ ತಣ್ಣೀರೂ ಇಲ್ಲ.

ಕೊನೆಗೆ ಉಳಿದದ್ದು ತಿಜೋರಿ. ಎತ್ತರ ಆರೂವರೆ ಅಡಿ, ಅಗಲ ಮೂರು ಅಡಿ. ಖಾಲಿ ಮಾಡಿದರೂ ನಾಲ್ಕು ಜನ ಬೇಕು. ಹನ್ನೊಂದು ಮೆಟ್ಟಿಲು ಹತ್ತಿಸಿದರು. ತಿರುವಿನಲ್ಲಿ ನಿಂತಿತು. ಮಲಗಿಸಿಕೊಂಡು ತಿರುಗಿಸಲು ಕಟ್ಟೆಯ ಮೇಲೆ ಜಾಗ ಇಲ್ಲ. ನೆಟ್ಟಗೆ ನಿಲ್ಲಿಸಿ ತಿರುಗಿಸೋಣ ಅಂದರೆ ಮೇಲಿನ ಛತ್ತು ಆರು ಅಡಿಗೇ ಬಂದಿದೆ. ನಮ್ಮ ಮುಕಾದಮ, ಅಂದರೆ ಹಮಾಲರ ಮುಖಂಡ, ಗೋಡೆಗೆ ಬೆನ್ನು ಕೊಟ್ಟು, ಕೆಳಗಿನ ಮೂಲೆ ಹಿಡಿದು ಮೂರು ಸಲ ಪ್ರಯತ್ನಿಸಿದ. ನಾಲ್ಕನೇ ಸಲ ಎತ್ತಲಿಲ್ಲ. ‘ತಿರಗಂಗಿಲ್ರಿ ಇದು. ಹುಡುಗೂರ ಬೆರಳು ಹೋಗ್ತಾವ’ ಅಂದ. ಕೆಳಗಿಳಿಸಿ ಪಕ್ಕದ ಮನೆಯ ಅಂಗಳದಲ್ಲಿ ಇಟ್ಟೆವು.

ಮಾಸ್ತರ ಹೆಂಡತಿ ಒಂದು ಮಾತೂ ಆಡಲಿಲ್ಲ. ಅಂಗಳಕ್ಕೆ ಬಂದು ಸೆರಗಿನಿಂದ ತಿಜೋರಿಯ ಕನ್ನಡಿ ಒರೆಸಿ, ಕೀಲಿ ತಿರುಗಿಸಿ ನೋಡಿ, ಮತ್ತೆ ಕೀಲಿ ಹಾಕಿ ಹೋದರು. ಅವರ ಮದುವೆಯಲ್ಲಿ ತವರಿನವರು ಕೊಟ್ಟದ್ದು ಅಂತ ಆಮೇಲೆ ಗೊತ್ತಾಯಿತು. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಆರಕ್ಕೆ ತಿಜೋರಿಯನ್ನು ಗ್ಯಾಲರಿಯಿಂದ (ಬಾಲ್ಕನಿಯಿಂದ) ಏರಿಸಿದೆವು. ವೆಲ್ಡಿಂಗ್ ಮಾಡುವವನನ್ನು ಕರೆಸಿ ಗ್ಯಾಲರಿಯ ಕಂಬಿ ಬಿಚ್ಚಿಸಿದೆವು. ತಿಜೋರಿಗೆ ಎರಡು ಕೌದಿ ಸುತ್ತಿ ಹಗ್ಗ ಬಿಗಿದೆವು. ಓಣಿಯಿಂದ ಗ್ಯಾಲರಿಗೆ ಎರಡು ದಪ್ಪ ಬೊಂಬು ಓರೆಯಾಗಿ ಆನಿಸಿ, ಮೇಲೆ ನಾಲ್ಕು ಜನ ಎಳೆದರು, ಕೆಳಗೆ ಮೂವರು ತಳ್ಳಿದರು. ಇಪ್ಪತ್ತು ನಿಮಿಷದ ಕೆಲಸ. ಮೊದಲೇ ಗೊತ್ತಿದ್ದರೆ ಮೊದಲ ದಿನವೇ ಆಗುತ್ತಿತ್ತು.

ಇನ್ನು ದುಡ್ಡಿನ ವಿಷಯ. ಛೋಟಾ ಹಾಥಿ, ಜಾಸ್ತಿ ಹಮಾಲಿ, ವೆಲ್ಡಿಂಗ್ ಎಲ್ಲ ಸೇರಿ 7,900 ರೂಪಾಯಿ ಮೇಲೆ ಬಿತ್ತು. ಆಫೀಸಿನಿಂದ, ಗಿರಾಕಿ ಹತ್ತಿರ ಅರ್ಧವನ್ನಾದರೂ ಕೇಳು ಅಂದರು. ಕೇಳಿದೆ. ಮಾಸ್ತರು ಸಿಟ್ಟಾಗಲಿಲ್ಲ. ‘ನನ್ನ ಸಾಮಾನ ಎಲ್ಲ ನೋಡಿದ್ರಿ. ಓಣಿ ಹೆಂಗದ ಅಂತ ನೀವು ಕೇಳಲೇ ಇಲ್ಲಲ್ಲರಿ’ ಅಂದರು. ಸರಿಯಾದ ಮಾತು. ಅವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಜೀವನದಲ್ಲಿ ಎರಡೋ ಮೂರೋ ಸಲ ಮನೆ ಬದಲಿಸುವವರಿಗೆ 14 ಅಡಿ ಗಾಡಿಗೆ ಎಷ್ಟು ರಸ್ತೆ ಬೇಕು ಅಂತ ಹೇಗೆ ಗೊತ್ತಿರುತ್ತದೆ? ಅದು ಗೊತ್ತಿರಬೇಕಾದದ್ದು ನನಗೆ. ಸಾಮಾನು ಗಾಡಿಯಲ್ಲಿ ಇಟ್ಟುಕೊಂಡು, ಇಳಿಸುವ ಹೊತ್ತಿಗೆ ಜಾಸ್ತಿ ಕೇಳುವುದು ಈ ಧಂದೆಯ ದೊಡ್ಡ ಕೆಟ್ಟ ಹೆಸರು. ಅವತ್ತು ಆ ಸಾಲಿಗೆ ನಾನೂ ಸೇರುವವನಿದ್ದೆ. ಆಫೀಸಿಗೆ ಹೋಗಿ ತಪ್ಪು ನನ್ನದು, ಅವರ ಹತ್ತಿರ ತೆಗೆದುಕೊಳ್ಳುವುದು ಬೇಡ ಅಂದೆ. ತೆಗೆದುಕೊಳ್ಳಲಿಲ್ಲ.

ಆಮೇಲೆ ನನ್ನ ಪಟ್ಟಿಯ ಪುಸ್ತಕ ಬದಲಾಯಿತು. ಬಲಗಡೆಯ ಪುಟ ಬಿಡುವ ಮನೆಗೆ, ಎಡಗಡೆಯ ಪುಟ ಹೋಗುವ ಮನೆಗೆ. ಎಡಗಡೆ ಖಾಲಿ ಇದ್ದರೆ ರೇಟ್ ಹೇಳುವುದಿಲ್ಲ. ಊರಲ್ಲೇ ಇದ್ದರೆ ನಾನೇ ಹೋಗುತ್ತೇನೆ. ಬೇರೆ ಊರಾದರೆ ಆ ಮನೆಯ ಹತ್ತಿರ ಇರುವವರೊಬ್ಬರಿಗೆ ವಿಡಿಯೋ ಕಾಲ್ ಮಾಡಿಸಿ, ಫೋನ್ ಬಂದ್ ಮಾಡದೆ ದೊಡ್ಡ ರಸ್ತೆಯಿಂದ ಮನೆಯ ಬಾಗಿಲಿನವರೆಗೆ ನಡೆದು ತೋರಿಸಿ ಅಂತ ಕೇಳುತ್ತೇನೆ. ಮನೆಯ ಒಳಗಿನಿಂದ ಶುರು ಮಾಡಬೇಡಿ ಅಂತಲೂ ಹೇಳುತ್ತೇನೆ. ಎಲ್ಲರೂ ಹಾಲ್, ಅಡುಗೆಮನೆ, ಹೊಸ ಟೈಲ್ಸ್ ತೋರಿಸುತ್ತಾರೆ. ನನಗೆ ಬೇಕಾದದ್ದು ಓಣಿ, ತಲೆ ಮೇಲಿನ ವೈರು, ಪಾವಟಿಗೆಯ ತಿರುವು, ತಿರುವಿನ ಮೇಲಿನ ಛತ್ತು. ಮನೆಯ ಸಣ್ಣ ಬಾಗಿಲಿಗೆ ಟೇಪ್ ಹಿಡಿಸುತ್ತೇನೆ. ದೊಡ್ಡ ಸಾಮಾನು ಯಾವ ಕೋಣೆಯ ಯಾವ ಗೋಡೆಗೆ ಅಂತ ಮೊದಲೇ ಬರೆದುಕೊಳ್ಳುತ್ತೇನೆ. ಇಲ್ಲದಿದ್ದರೆ ಹಮಾಲರು ಹೋದ ಮೇಲೆ ಮನೆಯವರೇ ಮಂಚ ಎಳೆದಾಡಿ ಫರಸಿಯ ಮೇಲೆ ಗೀರು ಬೀಳುತ್ತದೆ.

ಬೆಂಗಳೂರು, ಹೈದರಾಬಾದಿನ ಅಪಾರ್ಟ್‌ಮೆಂಟಿಗೆ ಹೋಗುವವರು ಇದನ್ನು ಇನ್ನೂ ಗಟ್ಟಿಯಾಗಿ ಕೇಳಿಕೊಳ್ಳಬೇಕು. ಸಾಮಾನಿಗೆ ಯಾವ ಲಿಫ್ಟ್, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಭಾನುವಾರ ಬಿಡುತ್ತಾರೋ ಇಲ್ಲವೋ, ಅಸೋಸಿಯೇಷನ್ ಚೀಟಿ ಬೇಕೋ, ಗಾಡಿಯನ್ನು ಗೇಟ್ ಒಳಗೆ ಬಿಡುತ್ತಾರೋ. ಕಲಬುರಗಿಯಿಂದ ರಾತ್ರಿಯೆಲ್ಲ ಓಡಿಸಿಕೊಂಡು ಹೋದ ಗಾಡಿಯನ್ನು ಸಂಜೆ ಆರಕ್ಕೆ ಮುಟ್ಟಿದೆ ಅಂತ ಗೇಟಿನಲ್ಲೇ ನಿಲ್ಲಿಸಿ, ನಾಳೆ ಬನ್ನಿ ಅಂದದ್ದನ್ನು ನಾನು ನೋಡಿದ್ದೇನೆ. ಮಕ್ಕಳನ್ನು ಕಟ್ಟಿಕೊಂಡು ಆ ಕುಟುಂಬ ಖಾಲಿ ಮನೆಯಲ್ಲಿ ಹಾಸಿಗೆ ಇಲ್ಲದೆ ಮಲಗಿತು.

ಗ್ಯಾಸ್ ಸಿಲಿಂಡರನ್ನು ನಾವು ಗಾಡಿಗೆ ಏರಿಸುವುದಿಲ್ಲ, ಏರಿಸುತ್ತೇವೆ ಅನ್ನುವವರ ಹತ್ತಿರ ಹೋಗಲೂ ಬೇಡಿ. ಊರು ಬಿಡುವವರು ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಏಜೆನ್ಸಿಗೆ ವಾಪಸ್ ಕೊಟ್ಟು ಟ್ರಾನ್ಸ್‌ಫರ್ ವೋಚರ್ ಬರೆಸಿಕೊಳ್ಳಬೇಕು. ಇದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳುವವರೇ ಜಾಸ್ತಿ. ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ಹೊತ್ತಿಗೆ ಒಲೆ ಇರುತ್ತದೆ, ಗ್ಯಾಸ್ ಇರುವುದಿಲ್ಲ.

ಹಾಗೆಯೇ ಕಾಗದ. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ (ಸರಕು ಸಾಗಣೆಯ ಜಿಎಸ್‌ಟಿ ಕಾಗದ) ಬೇಕಿಲ್ಲ. ಆದರೆ ದಾರಿಯಲ್ಲಿ ತಡೆದರೆ ಇದು ಮನೆ ಸಾಮಾನು ಅಂತ ತೋರಿಸಲು ಪಟ್ಟಿ ಮತ್ತು ಬಿಲ್ಟಿ (ಸಾಗಣೆಯ ರಸೀದಿ) ಡ್ರೈವರ್ ಕೈಯಲ್ಲಿ ಇರಬೇಕು, ಅದರ ಒಂದು ಪ್ರತಿ ನಿಮ್ಮ ಹತ್ತಿರವೂ ಇರಬೇಕು. ಇನ್ಶೂರೆನ್ಸ್ ಅಂತ ದುಡ್ಡು ತೆಗೆದುಕೊಂಡರೆ ವಿಮಾ ಕಂಪನಿಯ ಕಾಗದ ಕೇಳಿ. ಕೊಟೇಶನ್ ಮೇಲೆ ಸುಮ್ನೆ ‘ಇನ್ಶೂರೆನ್ಸ್’ ಅಂತ ಒಂದು ಸಾಲು ಬರೆದಿದ್ದರೆ ಅದು ಪಾಲಿಸಿ ಆಗುವುದಿಲ್ಲ. ನನ್ನ ಧಂದೆಯವರಿಗೆ ಈ ಮಾತು ಹಿಡಿಸಲಿಕ್ಕಿಲ್ಲ. ಆದರೂ ಹೇಳುತ್ತೇನೆ.

ನೀವು ಯಾರನ್ನು ಗೊತ್ತು ಮಾಡಿದರೂ, ಅವರು ಹೋಗುವ ಮನೆಯ ಬಗ್ಗೆ ಎಷ್ಟು ಪ್ರಶ್ನೆ ಕೇಳಿದರು ಅಂತ ನೋಡಿ. ಕೇಳದಿದ್ದರೆ ನೀವೇ ಹೇಳಿ: ಗಾಡಿ ಇಷ್ಟು ದೂರ ನಿಲ್ಲುತ್ತದೆ, ಇಷ್ಟು ಮೆಟ್ಟಿಲು, ತಿರುವು ಹೀಗಿದೆ. ಅದನ್ನು ಕೊಟೇಶನ್ ಮೇಲೆ ಬರೆಸಿ. ಒಂದು ಸಲ ಕಾಗದದ ಮೇಲೆ ಬಂದರೆ ಇಳಿಸುವಾಗ ಆ ಕಾರಣಕ್ಕೆ ಜಾಸ್ತಿ ಕೇಳಲು ಯಾರಿಗೂ ಬಾಯಿ ಬರುವುದಿಲ್ಲ.

ಹೋದ ವಾರ ಯಾದಗಿರಿಗೆ ಒಂದು ಮನೆ ಸಾಗಿಸಿದೆವು. ಆ ಮನೆಯ ಮಗಳು, ಕಾಲೇಜಿಗೆ ಹೋಗುವ ಹುಡುಗಿ, ಫೋನ್ ಹಿಡಿದು ಓಣಿಯ ಬಾಯಿಂದ ನಡೆದು ತೋರಿಸಿದಳು. ಅಗಲ ಬೇಕಾದಷ್ಟಿತ್ತು, ವೈರೂ ಮೇಲೆ ಇತ್ತು. ನಾನು ಸರಿ ಅನ್ನುವುದರೊಳಗೆ ಅವಳೇ ‘ಅಂಕಲ್, ಒಂದ್ ನಿಮಿಷ’ ಅಂತ ಫೋನ್ ಕೆಳಗೆ ಬಗ್ಗಿಸಿದಳು. ಮನೆಯ ಮುಂದೆ ಚರಂಡಿಗೆ ಮುಚ್ಚಿದ್ದ ಫರಸಿ ಕಲ್ಲು ನಡುವೆ ಬಿರುಕು ಬಿಟ್ಟಿತ್ತು. ‘ಇದರ ಮ್ಯಾಲೆ ಟ್ರ್ಯಾಕ್ಟರ್ ಬಂದು ಹಿಂಗಾಗೇದ್ರಿ’ ಅಂದಳು. ಗಾಡಿಯನ್ನು ನಾಲ್ಕು ಮನೆ ಹಿಂದೆಯೇ ನಿಲ್ಲಿಸುವುದು ಅಂತ ಎಡಗಡೆಯ ಪುಟದಲ್ಲಿ ಬರೆದುಕೊಂಡೆ. ಒಬ್ಬ ಹಮಾಲ ಜಾಸ್ತಿ ಅಂತಲೂ ಬರೆದು, ಅದನ್ನು ಸೇರಿಸಿಯೇ ಅವಳ ಅಪ್ಪನಿಗೆ ರೇಟ್ ಹೇಳಿದೆ.