ಗಂಪೊಲದಿಂದ ನುವರ ಎಲಿಯ: ಇಡೀ ದಿನ ಏರು

2025 ಫೆಬ್ರವರಿ 9, ಭಾನುವಾರ
ನುವರ ಎಲಿಯ, ಶ್ರೀಲಂಕಾ

ಗಂಗಾವತಿಯ ನಮ್ಮ ಸೈಕಲ್ ಬಳಗಕ್ಕೆ ಏರು ಅಂದರೆ ಸಾಣಾಪುರದ ಕಡೆಯ ದಿಬ್ಬ. ಉಳಿದಿದ್ದೆಲ್ಲ ಗದ್ದೆ ಬಯಲು, ಎದುರುಗಾಳಿ. ಇವತ್ತಿನ ಲೆಕ್ಕವೇ ಬೇರೆ. ಗಂಪೊಲ ಹೆಚ್ಚುಕಡಿಮೆ ನಮ್ಮ ಕೊಪ್ಪಳದಷ್ಟೇ ಎತ್ತರದಲ್ಲಿದೆ, ನುವರ ಎಲಿಯ 1868 ಮೀಟರ್. ನಡುವೆ ಎ-5 ಹೆದ್ದಾರಿ, ಐವತ್ತು ಚಿಲ್ಲರೆ ಕಿಲೋಮೀಟರ್.

ಬೆಳಕು ಹರಿಯುವಾಗ ಹೊರಟೆವು. ಪುಸ್ಸೆಲ್ಲಾವದ ತನಕ ಎಲ್ಲರ ಬಾಯಲ್ಲೂ ಮಾತಿತ್ತು, ಆಮೇಲೆ ಬರೀ ಚೈನಿನ ಸದ್ದು. ಚಡಾವು ಕಡಿದೇನಲ್ಲ, ಮುಗಿಯುವುದಿಲ್ಲ ಅಷ್ಟೇ. ಹಿಂದಿನಿಂದ ಯಾರೋ "ಇನ್ನ ಎಷ್ಟ್ ಐತ್ರಿ?" ಅಂತ ಕೂಗಿದರೆ ಗೈಡ್ ಹುಡುಗ ಬೆರಳೆತ್ತಿ ಮುಂದಿನ ತಿರುವು ತೋರಿಸುತ್ತಿದ್ದ. ಎಲ್ಲ ತಿರುವಿಗೂ ಅದೇ ಬೆರಳು.

ವ್ಯಾನಿನಲ್ಲಿ ಕೂತವರಿಗೆ ಚಹಾ ತೋಟ ಅಂದರೆ ಹಸಿರು, ಫೋಟೋ. ಗಂಟೆಗೆ ಏಳು ಕಿಲೋಮೀಟರಿನಲ್ಲಿ ತುಳಿಯುವವನಿಗೆ ಮೊದಲು ಕಾಣುವುದು ಹಣೆಗೆ ಪಟ್ಟಿ ಕಟ್ಟಿ ಬೆನ್ನಿಗೆ ಚೀಲ ಇಳಿಬಿಟ್ಟ ಹೆಂಗಸರು. ನೀರು ಕುಡಿಯಲು ನಿಂತಾಗ ತಮಿಳು ಬಲ್ಲ ಗೆಳೆಯ ಒಬ್ಬಾಕೆಯನ್ನು ಮಾತಾಡಿಸಿದ. ದಿನಕ್ಕೆ ಇಷ್ಟು ಕಿಲೋ ಎಲೆ ಕಿತ್ತರೆ ಪೂರ್ತಿ ಕೂಲಿ, ಇಲ್ಲದಿದ್ದರೆ ಮುರಿತ. ನಮ್ಮ ಕಡೆ ಭತ್ತದ ನಾಟಿಗೆ ಎಕರೆ ಲೆಕ್ಕದಲ್ಲಿ ಗುತ್ತಾ ಹಿಡಿಯುವವರು ನೆನಪಾದರು. ಅವರದು ಕೆಸರಿನಲ್ಲಿ ಬಗ್ಗುವ ಕೆಲಸವಾದರೂ ಗದ್ದೆ ಸಪಾಟು. ಇಲ್ಲಿ ಇಳಿಜಾರಿನಲ್ಲಿ ಕಾಲೂರಲು ಜಾಗವಿಲ್ಲ.

ಇವರ ಹಿರಿಯರನ್ನು ಬ್ರಿಟಿಷರು ತಮಿಳುನಾಡಿನಿಂದ ಕರೆತಂದದ್ದು ಮೊದಲು ಕಾಫಿಗೆ. ಕಾಫಿ ಎಲೆರೋಗಕ್ಕೆ ನಾಶವಾದ ಮೇಲೆ ಚಹಾಕ್ಕೆ. ಇಲ್ಲಿನ ಸರ್ಕಾರದ 1948ರ ಪೌರತ್ವ ಕಾಯ್ದೆ ಬಹುತೇಕರನ್ನು ಯಾವ ದೇಶಕ್ಕೂ ಸೇರದವರನ್ನಾಗಿಸಿತು. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ, ಇಲ್ಲಿನ ಪ್ರಧಾನಿ ಸಿರಿಮಾವೊ ಮಾಡಿಕೊಂಡ ಒಪ್ಪಂದದ ನಂತರ ಲಕ್ಷಾಂತರ ಜನ ಭಾರತಕ್ಕೆ ಬಂದರು. ಅವರಲ್ಲಿ ಕೆಲವರು ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಿಗೂ ಸೇರಿದ್ದಾರೆ. ಹಾಗಂತ ಹೇಳಿದರೆ ಆಕೆಗೆ ಸುಳ್ಯ ಗೊತ್ತಿರಲಿಲ್ಲ, ನೀಲಗಿರಿ ಗೊತ್ತಿತ್ತು. ಕೆಳಗಿನಿಂದ ಮೇಸ್ತ್ರಿ ಕೂಗಿದ. ಮಾತು ಅಲ್ಲಿಗೇ ನಿಂತಿತು.

ರಂಬೊಡದಲ್ಲಿ ಚಿನ್ಮಯ ಮಿಷನ್ ಕಟ್ಟಿಸಿದ ಹನುಮಂತನ ಗುಡಿಯಿದೆ, ಕೆಳಗೆ ಕೊತ್ಮಲೆ ಜಲಾಶಯ. ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಬೆಳೆದ ನಮ್ಮವರು ಇಲ್ಲಿ ಕೈಮುಗಿಯದೆ ಹೋಗುತ್ತಾರೆಯೇ? ಆಮೇಲೆ ಅಂಗಡಿಯೊಂದರಲ್ಲಿ ಹಾಲಿಲ್ಲದ ಚಹಾ, ಕಚ್ಚಿಕೊಳ್ಳಲು ಕಿತುಲ್ ಮರದ ಬೆಲ್ಲ. ಕುಡಿಯುತ್ತಿರುವಾಗಲೇ ಫ್ಯಾನ್ ನಿಂತಿತು. ಅಂಗಡಿಯವನು ತಲೆಕೆಡಿಸಿಕೊಳ್ಳಲಿಲ್ಲ, ನಾವಂತೂ ಲೋಡ್ ಶೆಡ್ಡಿಂಗ್ ಕಂಡವರೇ. ಹೊತ್ತು ಕಳೆದ ಮೇಲೆ ಮೊಬೈಲಿಗೆ ಸುದ್ದಿ ಬಂತು: ದ್ವೀಪಕ್ಕೆ ದ್ವೀಪವೇ ಕತ್ತಲು. ಕೊಲಂಬೊ ದಕ್ಷಿಣಕ್ಕಿರುವ ಪಾನದುರದ ಉಪಕೇಂದ್ರದಲ್ಲಿ ಕೋತಿಯೊಂದು ಟ್ರಾನ್ಸ್‌ಫಾರ್ಮರಿಗೆ ತಗುಲಿದ್ದೇ ಕಾರಣ ಅಂತ ಇಂಧನ ಮಂತ್ರಿಯೇ ಹೇಳಿದ್ದಾರಂತೆ.

ಆನೆಗೊಂದಿಯವನಿಗೆ ನಗು ತಡೆಯಲಾಗಲಿಲ್ಲ. "ನಾವು ಬಂದೀವಿ ಅಂತ ಯಾರೋ ಹೇಳ್ಯಾರ ಅವಕ್ಕ!" ಅಂದ. ಗೈಡ್‌ಗೆ ಇಂಗ್ಲಿಷಿನಲ್ಲಿ ಕಿಷ್ಕಿಂಧೆ, ಬಾಲದ ಬೆಂಕಿ ಎಲ್ಲ ವಿವರಿಸಿದೆವು. ಅವನಿಗೆ ಚಿಂತೆ ಬೇರೆ, ಹೋಟೆಲಿನಲ್ಲಿ ಬಿಸಿನೀರು ಬರುತ್ತದೋ ಇಲ್ಲವೋ ಅಂತ.

ರಂಬೊಡ ಜಲಪಾತ ದಾಟಿದ ಮೇಲೆ ನಿಜವಾದ ಹೇರ್‌ಪಿನ್‌ಗಳು. ಲಬುಕೆಲಿ ಎಸ್ಟೇಟಿನ ತಿರುವುಗಳಲ್ಲಿ ಅತೀ ಚಿಕ್ಕ ಗಿಯರೂ ದೊಡ್ಡದೆನಿಸಿತು. ಮೂವರು ವ್ಯಾನ್ ಹತ್ತಿದರು. ಅದರಲ್ಲಿ ಇಬ್ಬರು ದುಬಾರಿ ಕಾರ್ಬನ್ ಸೈಕಲ್ಲಿನವರು ಅನ್ನುವುದನ್ನು ಇಲ್ಲಿ ದಾಖಲಿಸಲೇಬೇಕು. ಸಂಜೆಯ ಮಂಜಿನಲ್ಲಿ ನೆತ್ತಿ ಸೇರಿ, ಬ್ರೇಕ್ ಹಿಡಿದೇ ಊರಿಗಿಳಿದೆವು. ಕರೆಂಟ್ ಬಂದಿತ್ತು, ಬಿಸಿನೀರೂ ಇತ್ತು. ಊಟಕ್ಕೆ ಅವರ ತೆಂಗಿನಕಾಯಿ ಸಂಬೋಲ, ನಮ್ಮ ಡಬ್ಬಿಯ ಗುರೆಳ್ಳು ಪುಡಿ.

ನಾಳೆ ಬದುಲ್ಲ ರಸ್ತೆಯಲ್ಲಿ ಸೀತಾ ಎಲಿಯದ ಸೀತಮ್ಮನ ಗುಡಿ. ಹೆಚ್ಚಿನದು ಇಳಿಜಾರಂತೆ. ಕೇಳಿದ್ದೇ ತಡ, ವ್ಯಾನಿನ ಮೂವರೂ ಟೈರಿಗೆ ಗಾಳಿ ಹೊಡೆಯುತ್ತಿದ್ದಾರೆ.